ಫೆಬ್ರವರಿಯಲ್ಲಿ ಮೌಂಟ್ ಪಿಯರ್ಸ್: ಮೊದಲ ಸ್ನೋಶೂ ಚಾರಣಕ್ಕೆ ಸಲಹೆ ಬೇಕು

ಹೊಸಹೆಜ್ಜೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತ್ನಿ ಮೂರು ವರ್ಷಗಳಿಂದ ಬಾಸ್ಟನ್ ಸಮೀಪ ವಾಸವಾಗಿದ್ದೇವೆ. ಊರಿನಲ್ಲಿದ್ದಾಗ ಕುಮಾರಪರ್ವತವನ್ನು ಎರಡು ಸಲ ಏರಿದ್ದೆವು, ಒಮ್ಮೆ ಕುಕ್ಕೆಯ ಕಡೆಯಿಂದ, ಇನ್ನೊಮ್ಮೆ ಸೋಮವಾರಪೇಟೆಯ ಕಡೆಯಿಂದ. ಇಲ್ಲಿಗೆ ಬಂದ ಮೇಲೆ ನ್ಯೂ ಹ್ಯಾಂಪ್‌ಷೈರ್‌ನ ವೈಟ್ ಮೌಂಟನ್ಸ್ ಶ್ರೇಣಿಯ ಕೆಲವು ಶಿಖರಗಳನ್ನು ಬೇಸಿಗೆಯಲ್ಲಿ ಹತ್ತಿದ್ದೇವೆ. ಈ ಚಳಿಗಾಲದಲ್ಲಿ ಮನೆಯೊಳಗೇ ಕುಳಿತಿರಲು ಮನಸ್ಸಿಲ್ಲದ ಕಾರಣ, ಫೆಬ್ರವರಿಯ ಒಂದು ಭಾನುವಾರ ಕ್ರಾಫರ್ಡ್ ಪಾತ್ ಹಾದಿಯಲ್ಲಿ ಮೌಂಟ್ ಪಿಯರ್ಸ್ ಶಿಖರಕ್ಕೆ ಹೋಗಿಬರೋಣವೆಂದು ಯೋಚಿಸಿದ್ದೇವೆ. ಹಿಮದ ಮೇಲೆ ಚಾರಣ ಮಾಡಿದ ಅನುಭವ ನಮ್ಮಿಬ್ಬರಿಗೂ ಇಲ್ಲ.

ನನಗಿರುವ ಸಂಶಯಗಳು ಎರಡು. ಆ ಹಾದಿಯಲ್ಲಿ ಜನಸಂಚಾರ ಹೆಚ್ಚಾಗಿರುವುದರಿಂದ ಹಿಮ ತುಳಿದು ಗಟ್ಟಿಯಾಗಿರುತ್ತದೆ, ಬೂಟಿಗೆ ಸಿಕ್ಕಿಸುವ ಸಣ್ಣ ಮುಳ್ಳಿನ ಸರಪಳಿಗಳೇ, ಅಂದರೆ ಮೈಕ್ರೋಸ್ಪೈಕ್‌ಗಳೇ ಸಾಕು, ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿಗೆ ಕಟ್ಟುವ ಅಗಲ ಚೌಕಟ್ಟು, ಅಂದರೆ ಸ್ನೋಶೂ ಬೇಡವೆಂದು ಕೆಲವರು ಹೇಳುತ್ತಾರೆ. ಅದು ಸರಿಯೇ? ಎರಡನೆಯದಾಗಿ, ಪಿಯರ್ಸ್‌ನ ಎತ್ತರ 1,314 ಮೀಟರ್ ಮಾತ್ರ. ಕುಮಾರಪರ್ವತ 1,712 ಮೀಟರ್ ಇದೆ. ಇಷ್ಟು ಚಿಕ್ಕ ಬೆಟ್ಟದ ಬಗ್ಗೆ ಇಲ್ಲಿನ ಅನುಭವಿಗಳು ಅಷ್ಟೊಂದು ಎಚ್ಚರಿಕೆಯಿಂದ ಮಾತನಾಡುವುದು ಏಕೆ? ಕೇಳುವುದರಲ್ಲಿ ಉದ್ಧಟತನವಿಲ್ಲ, ತಿಳಿದುಕೊಂಡೇ ಹೊರಡಬೇಕೆಂಬ ಆಸೆಯಿಂದ ಕೇಳುತ್ತಿದ್ದೇನೆ.

ಬಿಳಿಶಿಖರ ಉತ್ತರಿಸಿದ್ದು:

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಅರ್ಥವಾದರೆ ಮೊದಲನೆಯದಕ್ಕೆ ಉತ್ತರ ಅರ್ಧ ಸಿಕ್ಕಿದಂತೆ.

ಪಿಯರ್ಸ್‌ನಿಂದ ಈಶಾನ್ಯಕ್ಕೆ ಕಾಣುವ ಮೌಂಟ್ ವಾಷಿಂಗ್ಟನ್‌ನ ಎತ್ತರ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಒಂದಿಷ್ಟು ಎತ್ತರವೇ ಇದೆ. ಆದರೆ ಮುಳ್ಳಯ್ಯನಗಿರಿ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ವಾಷಿಂಗ್ಟನ್ ಇರುವುದು 44 ಡಿಗ್ರಿಯಲ್ಲಿ. ಇಲ್ಲಿ ಸುಮಾರು 1,350 ಮೀಟರ್ ಎತ್ತರದಲ್ಲಿಯೇ ಮರಗಳ ಬೆಳವಣಿಗೆ ನಿಂತುಹೋಗುತ್ತದೆ; ಅದಕ್ಕೂ ಸ್ವಲ್ಪ ಕೆಳಗೆ ಫರ್ ಮತ್ತು ಸ್ಪ್ರೂಸ್ ಮರಗಳು ಗಾಳಿಯ ಹೊಡೆತಕ್ಕೆ ಕುಗ್ಗಿ, ಮೊಣಕಾಲೆತ್ತರದ ಪೊದೆಗಳಾಗಿ ನೆಲಕ್ಕೆ ಅಂಟಿಕೊಂಡಿರುತ್ತವೆ. ಪಶ್ಚಿಮದಿಂದ ಬೀಸುವ ಗಾಳಿಗೆ ಈ ಶ್ರೇಣಿ ಅಡ್ಡಗೋಡೆಯಂತೆ ನಿಂತಿದೆ. ಹಲವು ದಿಕ್ಕಿನ ಬಿರುಗಾಳಿಗಳ ಹಾದಿಗಳು ಕೂಡುವುದೂ ಇಲ್ಲಿಯೇ. 1934ರ ಏಪ್ರಿಲ್ 12ರಂದು ವಾಷಿಂಗ್ಟನ್‌ನ ತುದಿಯಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿಯನ್ನು ಅಳೆದಿದ್ದರು. 2023ರ ಫೆಬ್ರವರಿ ಮೊದಲ ವಾರದಲ್ಲಿ ಅದೇ ತುದಿಯಲ್ಲಿ ಉಷ್ಣಾಂಶ ಸೊನ್ನೆಗಿಂತ 44 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದು, ಗಾಳಿಯ ಚಳಿಯನ್ನು ಸೇರಿಸಿದರೆ ಮೈನಸ್ 78ರಷ್ಟಾಯಿತು. ಪಿಯರ್ಸ್‌ನಲ್ಲಿ ಇಷ್ಟು ಉಗ್ರತೆ ಇರುವುದಿಲ್ಲ, ಆದರೆ ಅದು ಅದೇ ಗಾಳಿಯ ಅಂಗಳದಲ್ಲಿದೆ. ಕುಮಾರಪರ್ವತದಲ್ಲಿ ದಾರಿ ತಪ್ಪಿದವರು ಒಂದು ರಾತ್ರಿಯನ್ನು ನಡುಗುತ್ತಾ, ಜಿಗಣೆ ಕಚ್ಚಿಸಿಕೊಳ್ಳುತ್ತಾ ಕಳೆದು ಬೆಳಿಗ್ಗೆ ಇಳಿದುಬರಬಹುದು. ಇಲ್ಲಿ ಫೆಬ್ರವರಿಯಲ್ಲಿ ತಯಾರಿಯಿಲ್ಲದೆ ಕಳೆಯುವ ರಾತ್ರಿ ಜೀವಕ್ಕೇ ಎರವಾಗುತ್ತದೆ.

ಹಾದಿಯ ವಿಚಾರ. ಕ್ರಾಫರ್ಡ್ ಪಾತ್ 302ನೇ ಹೆದ್ದಾರಿಯ ಬಳಿಯಿಂದ ಹೊರಡುತ್ತದೆ. 1819ರಲ್ಲಿ ಏಬಲ್ ಕ್ರಾಫರ್ಡ್ ಮತ್ತು ಅವರ ಮಗ ಈಥನ್ ಆಲನ್ ಕ್ರಾಫರ್ಡ್ ಕಡಿದ ಈ ದಾರಿ, ಅಂದಿನಿಂದ ನಿರಂತರವಾಗಿ ಬಳಕೆಯಲ್ಲಿರುವ ಅಮೆರಿಕದ ಅತ್ಯಂತ ಹಳೆಯ ಚಾರಣ ಹಾದಿಯೆಂದು ಹೆಸರಾಗಿದೆ. ಪಿಯರ್ಸ್‌ಗೆ ಒಂದು ಬದಿಗೆ ಸುಮಾರು 5 ಕಿ.ಮೀ. ದೂರ, ಏರು ಸುಮಾರು 730 ಮೀಟರ್. ಬಹುಪಾಲು ದಾರಿ ದಟ್ಟ ಕಾಡಿನೊಳಗೆ ಸಾಗುವುದರಿಂದ ಗಾಳಿಯಿಂದ ರಕ್ಷಣೆಯಿದೆ, ಹಿಮಕುಸಿತದ ಭಯವೂ ತೀರಾ ಕಡಿಮೆ. ಹಿಮಕುಸಿತ ಸಾಮಾನ್ಯವಾಗಿ 30ರಿಂದ 45 ಡಿಗ್ರಿಯಷ್ಟು ಕಡಿದಾದ ತೆರೆದ ಇಳಿಜಾರುಗಳಲ್ಲಿ ಆಗುತ್ತದೆ, ಇಲ್ಲಿನ ಏರು ಅಷ್ಟು ಕಡಿದಲ್ಲ. ಮೂರು ಕಿ.ಮೀ. ದಾಟಿದ ಮೇಲೆ ಬಲಕ್ಕೆ ಮಿಜ್ಪಾ ಕಟ್‌ಆಫ್ ಎಂಬ ಕವಲು ಸಿಗುತ್ತದೆ, ಅದನ್ನು ಬಿಟ್ಟು ನೇರ ಹೋಗಬೇಕು. ಇನ್ನೊಂದು ವಿಷಯವನ್ನು ಹೊಸಬರು ಗಮನಿಸುವುದಿಲ್ಲ: ಕ್ರಾಫರ್ಡ್ ಪಾತ್ ಶಿಖರವನ್ನು ಮುಟ್ಟುವುದೇ ಇಲ್ಲ. ಮರಗಳು ಮುಗಿಯುವಲ್ಲಿ ಬಲಕ್ಕೆ ವೆಬ್‌ಸ್ಟರ್ ಕ್ಲಿಫ್ ಹಾದಿ ಹಿಡಿದು ನೂರೈವತ್ತು ಮೀಟರ್‌ನಷ್ಟು ದೂರ ನಡೆದರೆ ಪಿಯರ್ಸ್. ಎಡಕ್ಕೆ ನಡೆದರೆ ನೀವು ಐಸೆನ್‌ಹೋವರ್ ಶಿಖರದ ಕಡೆಗೆ, ಬಯಲು ಗಾಳಿಯ ದಿಣ್ಣೆಯ ಮೇಲೆ ಹೋಗುತ್ತಿರುತ್ತೀರಿ. ಮಂಜು ಕವಿದಾಗ ಈ ಒಂದು ತಿರುವು ತಪ್ಪಿದರೆ ದೊಡ್ಡ ಪ್ರಮಾದ.

ಈಗ ಸ್ನೋಶೂ. ಅದರ ತತ್ತ್ವ ಸರಳ: ಮೈಭಾರವನ್ನು ಬೂಟಿನ ಅಡಿಗಿಂತ ಮೂರು ನಾಲ್ಕು ಪಟ್ಟು ಅಗಲವಾದ ಜಾಗದ ಮೇಲೆ ಹಂಚುವುದು. ಹುದುಲಿನಲ್ಲಿ ಹಲಗೆ ಹಾಸಿ ನಡೆಯುವುದನ್ನು ನೆನೆದುಕೊಂಡರೆ ಸಾಕು. ಈ ನೆಲದ ಮೂಲನಿವಾಸಿಗಳಾದ ಅಬೆನಾಕಿ ಜನ ಆ್ಯಶ್ ಎಂಬ ಮರದ ಚೌಕಟ್ಟಿಗೆ ಹಸಿ ಚರ್ಮದ ಪಟ್ಟಿಗಳನ್ನು ಹೆಣೆದು ಇವುಗಳನ್ನು ಮಾಡುತ್ತಿದ್ದರು. ಇಂದಿನ ಅಲ್ಯೂಮಿನಿಯಂ ಚೌಕಟ್ಟಿನವುಗಳಿಗೆ ಅಡಿಯಲ್ಲಿ ಉಕ್ಕಿನ ಹಲ್ಲುಗಳೂ ಇರುವುದರಿಂದ ಗಟ್ಟಿ ಹಿಮದಲ್ಲಿಯೂ ಹಿಡಿತ ಸಿಗುತ್ತದೆ. ಹಿಮ್ಮಡಿಯ ಕೆಳಗೆ ಎಬ್ಬಿಸಿ ನಿಲ್ಲಿಸುವ ಕಂಬಿಯೊಂದು ಇರುವ ಮಾದರಿಯನ್ನೇ ಆರಿಸಿ. ಏರಿನಲ್ಲಿ ಅದನ್ನು ಎತ್ತಿಟ್ಟರೆ ಹಿಮ್ಮಡಿಗೆ ಮೆಟ್ಟಿಲ ಆಸರೆ ಸಿಕ್ಕಂತಾಗಿ ಮೀನಖಂಡದ ಸೆಳೆತ ತಪ್ಪುತ್ತದೆ, ಇಳಿಯುವಾಗ ಮರೆಯದೆ ಮಡಚಬೇಕು. ಮೊದಲ ಬಾರಿಗೆ ಖರೀದಿ ಬೇಡ, ಬಾಸ್ಟನ್‌ನ ಚಾರಣ ಸಾಮಗ್ರಿಗಳ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ.

ನನ್ನ ಅಭಿಪ್ರಾಯದಲ್ಲಿ ನೀವು ಕಾರಿನ ಬಳಿಯೇ ಸ್ನೋಶೂ ತೊಟ್ಟು ಹೊರಡಬೇಕು.

ಕೊನೆಯದಾಗಿ ಬೆವರು. ನಮ್ಮವರು ಚಳಿಗೆ ಹೆದರಿ ನಾಲ್ಕು ಪದರ ಹೊದ್ದು ಏರಲು ತೊಡಗುತ್ತಾರೆ, ಅರ್ಧ ಗಂಟೆಯಲ್ಲಿ ಒಳ ಅಂಗಿ ತೊಯ್ದು ಹೋಗುತ್ತದೆ, ನಿಂತ ಕ್ಷಣವೇ ಆ ತೇವ ಮೈಯ ಶಾಖವನ್ನೆಲ್ಲ ಹೀರುತ್ತದೆ. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆ ಇರಲಿ. ಹತ್ತಿ ಬಟ್ಟೆ ಒಳ ಉಡುಪಿಗೂ ಬೇಡ. ಮಲೆನಾಡಿನಲ್ಲಿ ನಮ್ಮ ಹಿರಿಯರು ಸೋನೆ ಮಳೆಯಲ್ಲಿ ಗದ್ದೆಗೆ ಹೋಗುವಾಗ ಕಂಬಳಿಕೊಪ್ಪೆಯನ್ನೇ ಹಾಕುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ಇಲ್ಲಿಗೆ ಬಂದ ಮೇಲೆ: ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ, ಹತ್ತಿ ನೆನೆದರೆ ಮೈಗಂಟಿ ಕೊರೆಯುತ್ತದೆ.

ತುಂಗೆಯತಡಿ ಉತ್ತರಿಸಿದ್ದು:

ಮೇಲಿನವರು ಬರೆದುದನ್ನೆಲ್ಲ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಕಾರಿನ ಬಳಿಯೇ ಸ್ನೋಶೂ ತೊಡಬೇಕೆಂಬುದು ಆ ದಿನದ ಹಿಮವನ್ನು ಅವಲಂಬಿಸಿದ ಮಾತು. ಶನಿವಾರ ಐವತ್ತು ಅರವತ್ತು ಜನ ನಡೆದು, ರಾತ್ರಿ ಮೈನಸ್ 15ಕ್ಕೆ ಇಳಿದು, ಭಾನುವಾರ ಬೆಳಿಗ್ಗೆ ಹಾದಿ ಸಿಮೆಂಟ್ ರಸ್ತೆಯಂತೆ ಬಿಗಿದುಕೊಂಡಿದ್ದರೆ, ಅದರ ಮೇಲೆ ಸ್ನೋಶೂಗಳನ್ನು ಎಳೆದುಕೊಂಡು ನಡೆಯುವುದು ಸೊಂಟಕ್ಕೂ ಮೊಣಕಾಲಿಗೂ ಸುಮ್ಮನೆ ಶ್ರಮ. ಅಂಥ ದಿನ ಮೈಕ್ರೋಸ್ಪೈಕ್ ಹಾಕಿ ಏರಿ. ಹಿಮ್ಮಡಿ ಊರಿದಾಗ ಬೂಟು ಎರಡು ಮೂರು ಬೆರಳಿಗಿಂತ ಆಳಕ್ಕೆ ಇಳಿಯತೊಡಗಿದರೆ ಅಲ್ಲಿಗೇ ನಿಂತು ಸ್ನೋಶೂ ಕಟ್ಟಿಕೊಳ್ಳಿ.

ಆದರೆ ಅವುಗಳನ್ನು ಕಾರಿನಲ್ಲಿ ಬಿಟ್ಟು ಹೋಗುವ ಯೋಚನೆ ಖಂಡಿತ ಮಾಡಬೇಡಿ. ಕೆಲವು ವರ್ಷಗಳ ಹಿಂದೆ ಮಾರ್ಚ್ ಮೊದಲ ವಾರದಲ್ಲಿ ನಾನು ಒಂದು ಚಾರಣ ಗುಂಪಿನೊಡನೆ ಇದೇ ಶ್ರೇಣಿಯ ಮತ್ತೊಂದು ಶಿಖರಕ್ಕೆ ಹೋಗಿದ್ದೆ. ಹಾದಿ ಗಟ್ಟಿಯಾಗಿದೆ, ಹೊರೆ ಏಕೆಂದು ಗುಂಪಿನ ಮುಂದಾಳು ಹೇಳಿದ್ದರಿಂದ ನಾವು ಎಂಟೂ ಮಂದಿ ಸ್ನೋಶೂಗಳನ್ನು ಕಾರಿನಲ್ಲಿಯೇ ಇರಿಸಿದೆವು. ಏರುವಾಗ ಯಾವ ತೊಂದರೆಯೂ ಆಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಿಮ ಸಡಿಲವಾಯಿತು, ಇಳಿಯುವಾಗ ಮೂರು ನಾಲ್ಕು ಹೆಜ್ಜೆಗೊಮ್ಮೆ ಕಾಲು ತೊಡೆಯವರೆಗೆ ಕುಸಿಯತೊಡಗಿತು. ಕುಸಿದ ಕಾಲನ್ನು ಕಿತ್ತು ಮೇಲೆ ತರುವುದಕ್ಕೆ ಆಗುವ ಆಯಾಸವನ್ನು ಅನುಭವಿಸಿದವರೇ ಬಲ್ಲರು. ಎರಡು ಗಂಟೆಯಲ್ಲಿ ಮುಗಿಯಬೇಕಾದ ಇಳಿತಕ್ಕೆ ನಾಲ್ಕೂವರೆ ಗಂಟೆ ಹಿಡಿಯಿತು, ಒಬ್ಬರ ಮೊಣಕಾಲು ತಿರುಚಿಕೊಂಡಿತು, ಕೊನೆಯ ಎರಡು ಕಿ.ಮೀ. ಹಣೆದೀಪದ ಬೆಳಕಿನಲ್ಲಿ ಬಂದೆವು.

ನನ್ನನ್ನು ಇಂದಿಗೂ ಚುಚ್ಚುವುದು ಇನ್ನೊಂದು ಸಂಗತಿ. ನಾವು ಅಂದು ಆ ಹಾದಿಯ ತುಂಬ ತೋಡಿದ ನೂರಾರು ಗುಂಡಿಗಳು ರಾತ್ರಿ ಹೆಪ್ಪುಗಟ್ಟಿ ಕಲ್ಲಿನಂತಾದವು. ಮರುದಿನ ಬಂದವರಿಗೆ ಅದು ಕಣಕಾಲು ಮುರಿಯುವ ದಾರಿ. ಹಿಮ ಮೆತ್ತಗಿರುವಾಗ ಬರಿಯ ಬೂಟಿನಲ್ಲಿ ನಡೆದು ಹಾದಿಯನ್ನು ಹಾಳುಮಾಡುವುದನ್ನು ಇಲ್ಲಿನ ಚಾರಣಿಗರು ದೊಡ್ಡ ಅಸೌಜನ್ಯವೆಂದು ಭಾವಿಸುತ್ತಾರೆ, ಅದು ನ್ಯಾಯವೂ ಹೌದು. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಹೈ ಪೀಕ್ಸ್ ಪ್ರದೇಶದಲ್ಲಂತೂ 8 ಅಂಗುಲ, ಎಂದರೆ ಸುಮಾರು 20 ಸೆಂ.ಮೀ. ಹಿಮವಿದ್ದರೆ ಸ್ನೋಶೂ ಅಥವಾ ಸ್ಕೀ ತೊಡುವುದನ್ನು ನಿಯಮವಾಗಿಯೇ ಮಾಡಿದ್ದಾರೆ. ನ್ಯೂ ಹ್ಯಾಂಪ್‌ಷೈರ್‌ನ ಈ ಬೆಟ್ಟಗಳಲ್ಲಿ ಅದು ನಮ್ಮ ಮರ್ಯಾದೆಗೆ ಬಿಟ್ಟ ವಿಷಯ.

ಶಿಖರದ ಹತ್ತಿರ ಇನ್ನೊಂದು ಅಪಾಯವಿದೆ. ಹಿಮದಡಿಯಲ್ಲಿ ಹುದುಗಿಹೋದ ಸ್ಪ್ರೂಸ್ ಮರಗಳ ಕೊಂಬೆಗಳ ಕೆಳಗೆ ಪೊಳ್ಳು ಜಾಗ ಉಳಿದಿರುತ್ತದೆ, ಮೇಲಿನಿಂದ ನೋಡಿದರೆ ಸಮತಟ್ಟಾದ ಹಿಮವೇ ಕಾಣುತ್ತದೆ. ಫೋಟೋಗೆಂದು ಹಾದಿಯಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದವರು ಎದೆಯವರೆಗೆ ಇಳಿದು, ಸ್ನೋಶೂ ಕೊಂಬೆಗಳಲ್ಲಿ ಸಿಕ್ಕಿಕೊಂಡು, ಒಬ್ಬರೇ ಹೊರಬರಲಾಗದೆ ಒದ್ದಾಡಿದ್ದನ್ನು ಕಂಡಿದ್ದೇನೆ. ತುಳಿದ ಸಾಲನ್ನು ಬಿಟ್ಟು ಕದಲಬೇಡಿ. ಇಳಿಯುವಾಗ ಕೆಲವರು ಕುಳಿತು ಜಾರುತ್ತಾರೆ. ಕಾಲಿನಲ್ಲಿ ಸ್ಪೈಕ್ ಅಥವಾ ಸ್ನೋಶೂ ಇರುವಾಗ ಹಾಗೆ ಮಾಡಿದರೆ ಹಲ್ಲು ಹಿಮಕ್ಕೆ ಕಚ್ಚಿ, ದೇಹ ಮುಂದೆ ಹೋಗಿ, ಕಣಕಾಲಿನ ಮೂಳೆ ಮುರಿಯುತ್ತದೆ.

ನಂದಿಬಟ್ಟಲು ಉತ್ತರಿಸಿದ್ದು:

ನಿಮ್ಮ ಪತ್ನಿಯವರೂ ಬರುವುದರಿಂದ, ಇಲ್ಲಿ ಯಾರೂ ಬರೆಯದ ಒಂದು ಮಾತನ್ನು ಮೊದಲು ಹೇಳುತ್ತೇನೆ. ಕಾಲುಂಗುರ, ಮೂಗುತಿ, ಓಲೆ, ಬಳೆ, ಉಂಗುರ ಇವೆಲ್ಲವನ್ನೂ ಮನೆಯಲ್ಲಿಯೇ ತೆಗೆದಿಟ್ಟು ಬರಲಿ. ಲೋಹ ಶಾಖವನ್ನು ಬಹಳ ಬೇಗ ಸಾಗಿಸುತ್ತದೆ. ಮೈನಸ್ 20ರ ಗಾಳಿಯಲ್ಲಿ ಮೂಗುತಿಯ ಸುತ್ತಲಿನ ಚರ್ಮವೇ ಮೊದಲು ಬಿಳಿಚಿಕೊಳ್ಳುತ್ತದೆ. ಬಿಗಿಯಾದ ಕಾಲುಂಗುರ ಬೆರಳಿನ ರಕ್ತಸಂಚಾರವನ್ನೂ ತಡೆಯುತ್ತದೆ, ಬೆರಳು ಊದಿಕೊಂಡರೆ ತೆಗೆಯುವುದೂ ಕಷ್ಟ. ನಾನು ಕಾಲುಂಗುರ ತೆಗೆಯಲು ಮನಸ್ಸು ಬಾರದೆ ಒಂದು ಚಳಿಗಾಲವಿಡೀ ಎರಡನೆಯ ಬೆರಳಿನ ಮರಗಟ್ಟುವಿಕೆಯನ್ನು ಸಹಿಸಿಕೊಂಡೆ; ಕಾರಣ ತಿಳಿದ ಮೇಲೆ ಅದನ್ನು ದಾರದಲ್ಲಿ ಪೋಣಿಸಿ ದೇವರ ಮುಂದೆ ಇಟ್ಟು ಹೊರಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಬೂಟಿನೊಳಗೆ ಎರಡೆರಡು ಕಾಲುಚೀಲ ತುರುಕಿ ಬಿಗಿ ಮಾಡುವುದೂ ಅದೇ ತಪ್ಪು. ಬೆರಳುಗಳು ಅಲುಗಾಡುವಷ್ಟು ಜಾಗ ಬೇಕು.

ಊಟದ ಬಗ್ಗೆ. ಚಿತ್ರಾನ್ನ, ಮೊಸರನ್ನ ಡಬ್ಬಿಯಲ್ಲಿಯೇ ಗಟ್ಟಿಯಾಗುತ್ತವೆ, ಕೈಗವಸು ತೆಗೆದು ತಿನ್ನುವಷ್ಟರಲ್ಲಿ ಬೆರಳು ಸೆಟೆದಿರುತ್ತದೆ. ಚಿಕ್ಕಿಯನ್ನು ಮನೆಯಲ್ಲಿಯೇ ಸಣ್ಣ ಚೂರು ಮಾಡಿ ತನ್ನಿ, ಇಡಿಯಾಗಿ ತಂದರೆ ಹಲ್ಲಿಗೆ ಅಪಾಯ. ಹುರಿದ ಕಡಲೆಬೀಜ, ಗೋಡಂಬಿ, ತುಪ್ಪ ಹೆಚ್ಚಿರುವ ರವೆಉಂಡೆ ಒಳ್ಳೆಯವು, ಜೇಬಿನಲ್ಲಿಟ್ಟುಕೊಂಡು ನಡೆಯುತ್ತಲೇ ತಿನ್ನಬಹುದು. ಇಲ್ಲಿ ಕುಳಿತು ಉಣ್ಣುವ ಪದ್ಧತಿ ಇಲ್ಲ, ಐದು ನಿಮಿಷ ನಿಂತರೆ ಮೈ ತಣ್ಣಗಾಗುತ್ತದೆ. ಒಂದು ಫ್ಲಾಸ್ಕ್‌ನಲ್ಲಿ ಕುದಿಯುವ ಮೆಣಸಿನ ಸಾರನ್ನು ತುಂಬಿಸಿಕೊಂಡು ಬನ್ನಿ. ಅದರ ಬೆಲೆ ಮೇಲೆ ಹೋದಾಗ ಗೊತ್ತಾಗುತ್ತದೆ.

ನೀರಿನ ಬಾಟಲಿ ಅಗಲ ಬಾಯಿಯದಾಗಿರಲಿ, ಉಣ್ಣೆಯ ಕಾಲುಚೀಲದೊಳಗೆ ಸೇರಿಸಿ ತಲೆಕೆಳಗಾಗಿ ಇಡಿ. ನೀರು ಹೆಪ್ಪುಗಟ್ಟುವುದು ಮೇಲಿನಿಂದ, ಹಾಗಾಗಿ ತಲೆಕೆಳಗಾಗಿದ್ದರೆ ಮುಚ್ಚಳದ ಬಾಯಿ ಕಟ್ಟಿಕೊಳ್ಳುವುದಿಲ್ಲ. ಕೊಳವೆಯಿಂದ ಹೀರುವ ನೀರಿನ ಚೀಲ ಬೇಡ, ಕೊಳವೆ ಮೊದಲು ಹೆಪ್ಪುಗಟ್ಟುತ್ತದೆ. ಫೋನನ್ನು ಒಳ ಜೇಬಿನಲ್ಲಿ ಮೈಗೆ ಒತ್ತಿ ಇಟ್ಟುಕೊಳ್ಳಿ. ಕೈಗೆ ಬೆರಳು ಬೇರೆಬೇರೆಯಿರುವ ಗವಸಿಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗಿರುತ್ತದೆ, ಅದರೊಳಗೆ ತೆಳು ಗವಸು ತೊಡಿ.

ಇಬ್ಬರೂ ಹದಿನೈದು ನಿಮಿಷಕ್ಕೊಮ್ಮೆ ಪರಸ್ಪರ ಮುಖ ನೋಡಿಕೊಳ್ಳಿ. ಕೆನ್ನೆ ಅಥವಾ ಮೂಗಿನ ತುದಿಯಲ್ಲಿ ಮೇಣದಂತೆ ಬಿಳಿಯ ಮಚ್ಚೆ ಕಂಡರೆ ಅಂಗೈಯ ಬಿಸಿ ಕೊಟ್ಟು ಮುಚ್ಚಿ, ಉಜ್ಜಬಾರದು. ಮಾತು ತೊದಲಿದರೆ, ಎಡವುವುದು ಹೆಚ್ಚಾದರೆ, ಜಿಪ್ ಹಾಕಲು ಕೈ ತಡಕಾಡಿದರೆ ಅದು ದಣಿವಲ್ಲ, ಮೈಯ ಒಳಶಾಖವೇ ಇಳಿಯುತ್ತಿದೆ ಎಂದು ತಿಳಿಯಬೇಕು. ಆಗ ಒಣ ಬಟ್ಟೆ, ಸಿಹಿ ತಿಂಡಿ, ಕೂಡಲೇ ಇಳಿತ.

ಹೊಸಹೆಜ್ಜೆ ಮತ್ತೆ ಕೇಳಿದ್ದು:

ಇಷ್ಟು ಕಾಳಜಿಯಿಂದ ಬರೆದುದಕ್ಕೆ ಮೂವರಿಗೂ ಋಣಿ. ಇನ್ನೊಂದೇ ಪ್ರಶ್ನೆ: ಹೋಗಬೇಕೋ ಬೇಡವೋ ಎಂಬುದನ್ನು ಹಿಂದಿನ ದಿನ ಹೇಗೆ ನಿರ್ಧರಿಸುವುದು? ಹಾಗೆಯೇ ಅರ್ಧದಲ್ಲಿ ಹಿಂತಿರುಗಬೇಕಾದದ್ದು ಯಾವಾಗ?

ಬಿಳಿಶಿಖರ ಉತ್ತರಿಸಿದ್ದು:

ಸ್ನೋಶೂ ಯಾವಾಗ ತೊಡಬೇಕೆಂಬ ವಿಷಯದಲ್ಲಿ ತುಂಗೆಯತಡಿಯವರ ಮಾತು ನನ್ನದಕ್ಕಿಂತ ಸರಿಯಾಗಿದೆ, ಹಾಗೆಯೇ ಮಾಡಿ.

ಊರಿನ ಹವಾಮಾನವನ್ನು ತೋರಿಸುವ ಫೋನಿನ ಆ್ಯಪ್ ಅನ್ನು ನಂಬಬೇಡಿ, ಅದು ಕಣಿವೆಯ ಲೆಕ್ಕ ಕೊಡುತ್ತದೆ. ಮೌಂಟ್ ವಾಷಿಂಗ್ಟನ್ ವೀಕ್ಷಣಾಲಯ ಪ್ರತಿದಿನ ಎತ್ತರದ ಶಿಖರಗಳಿಗೆಂದೇ ಪ್ರತ್ಯೇಕ ಮುನ್ಸೂಚನೆ ಪ್ರಕಟಿಸುತ್ತದೆ. ಹಿಂದಿನ ಸಂಜೆ ಒಮ್ಮೆ, ಹೊರಡುವ ಬೆಳಿಗ್ಗೆ ಇನ್ನೊಮ್ಮೆ ಅದನ್ನು ಓದಿ. ಅದರಲ್ಲಿ ಉಷ್ಣಾಂಶಕ್ಕಿಂತ ಗಾಳಿಯನ್ನು ಮೊದಲು ನೋಡಬೇಕು. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ ಕೇವಲ 24 ಕಿ.ಮೀ. ಗಾಳಿ ಬೀಸಿದರೂ ಮೈಗೆ ಮೈನಸ್ 28ರ ಚಳಿ ತಟ್ಟುತ್ತದೆ, ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಮೊದಲ ಸಲ ಹೋಗುವವರಿಗೆ ನಾನು ಹೇಳುವ ಮಿತಿ ಹೀಗೆ: ಎತ್ತರದಲ್ಲಿ ಗಾಳಿ 50 ಕಿ.ಮೀ. ಮೀರುವ ಸೂಚನೆಯಿದ್ದರೆ ಅಥವಾ ಮಂಜು ಕವಿಯುವ ಸೂಚನೆಯಿದ್ದರೆ ಮರಗಳ ಅಂಚಿನವರೆಗೆ ಮಾತ್ರ ಹೋಗಿ. ಕಾಡಿನೊಳಗಿನ ಆ ನಡಿಗೆಯೇ ಬಹಳ ಸುಂದರ, ಹಿಮ ಹೊತ್ತ ಫರ್ ಮರಗಳ ನಡುವಿನ ಆ ನಿಶ್ಶಬ್ದವನ್ನು ನಮ್ಮ ಘಟ್ಟದ ಯಾವ ಕಾಡಿನಲ್ಲಿಯೂ ನಾನು ಕೇಳಿಲ್ಲ.

ಹಿಂತಿರುಗುವುದಕ್ಕೆ ಗಡಿಯಾರವನ್ನೇ ನಂಬಿ. ಬೇಸಿಗೆಯಲ್ಲಿ ಮೂರು ಗಂಟೆಯೊಳಗೆ ಏರುವ ಈ ದಾರಿಗೆ ಹಿಮದಲ್ಲಿ ಹೊಸಬರಿಗೆ ನಾಲ್ಕು ಗಂಟೆ ಬೇಕು. ಫೆಬ್ರವರಿ ನಡುವಿನಲ್ಲಿ ಸೂರ್ಯಾಸ್ತ ಸಂಜೆ ಐದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ ಆಗುತ್ತದೆ, ಕಾಡಿನೊಳಗೆ ಇನ್ನೂ ಮುಂಚೆಯೇ ಕತ್ತಲು. ಎಂಟು ಗಂಟೆಗೆ ಹೊರಟು, ಶಿಖರ ಎಷ್ಟೇ ಹತ್ತಿರವಿದ್ದರೂ ಒಂದು ಗಂಟೆಗೆ ತಿರುಗಿಬಿಡಿ. ಈ ಸಮಯವನ್ನು ಮನೆಯಲ್ಲಿಯೇ ಇಬ್ಬರೂ ಒಪ್ಪಿಕೊಂಡು, ಊರಿನಲ್ಲಿ ಉಳಿದ ಒಬ್ಬರಿಗೆ ತಿಳಿಸಿ ಹೊರಡಿ. ಹಣೆದೀಪ ಇಬ್ಬರಿಗೂ ಒಂದೊಂದು ಇರಲಿ, ಅದಕ್ಕೆ ಲಿಥಿಯಂ ಬ್ಯಾಟರಿ ಹಾಕಿ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೈಕ್ ಸೇಫ್ ಕಾರ್ಡ್ ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35 ಡಾಲರ್. ಆ ಹಣ ರಕ್ಷಣಾ ತಂಡದವರ ಕೆಲಸಕ್ಕೆ ಹೋಗುತ್ತದೆ, ಆದ್ದರಿಂದ ನಾನು ತಪ್ಪದೆ ಕೊಳ್ಳುತ್ತೇನೆ.

ಹೊಸಹೆಜ್ಜೆ, ಮೂರು ವಾರಗಳ ನಂತರ:

ನಿನ್ನೆ ಹೋಗಿಬಂದೆವು. ಮುನ್ಸೂಚನೆಯಲ್ಲಿ ಗಾಳಿ 40ರಿಂದ 55 ಕಿ.ಮೀ. ಎಂದಿತ್ತು, ಆದ್ದರಿಂದ ಮರಗಳ ಅಂಚಿನವರೆಗೆ ಎಂದು ಮೊದಲೇ ನಿಶ್ಚಯಿಸಿದ್ದೆವು. ಮಿಜ್ಪಾ ಕವಲಿನವರೆಗೆ ಸ್ಪೈಕ್‌ನಲ್ಲಿಯೇ ಏರಿದೆವು. ಅಲ್ಲಿಂದಾಚೆಗೆ ರಾತ್ರಿ ಬಿದ್ದ ಹೊಸ ಹಿಮ ಒಂದು ಗೇಣಿನಷ್ಟಿತ್ತು, ನಮಗಿಂತ ಮುಂಚೆ ಹೋದವರು ಒಬ್ಬರೋ ಇಬ್ಬರೋ ಮಾತ್ರ. ಸ್ನೋಶೂ ತೊಟ್ಟೆವು. ಮೊದಲ ಹತ್ತು ನಿಮಿಷ ಒಂದರ ಮೇಲೊಂದು ತುಳಿದು ಎರಡು ಸಲ ಬಿದ್ದೆ, ಆಮೇಲೆ ಕಾಲನ್ನು ಸ್ವಲ್ಪ ಅಗಲಿಸಿ ನಡೆಯುವುದು ತಾನಾಗಿ ಬಂತು. ಹಿಮ್ಮಡಿಯ ಕಂಬಿಯಂತೂ ದೊಡ್ಡ ಉಪಕಾರ ಮಾಡಿತು.

ಹನ್ನೆರಡೂ ಮುಕ್ಕಾಲಿಗೆ ಮರಗಳು ಕುಳ್ಳಾಗತೊಡಗಿದವು, ಅದುವರೆಗೆ ಕಾಡಿನ ಮೇಲೆ ಎಲ್ಲೋ ಕೇಳಿಸುತ್ತಿದ್ದ ಗಾಳಿಯ ಸದ್ದು ಮುಖಕ್ಕೆ ಬಂತು. ವೆಬ್‌ಸ್ಟರ್ ಕ್ಲಿಫ್ ಹಾದಿಯ ಫಲಕ ಕಾಣುತ್ತಿತ್ತು, ಮುಂದಿನ ನೂರೈವತ್ತು ಮೀಟರ್ ಹಾರುವ ಹಿಮದಲ್ಲಿ ಮಸುಕಾಗಿತ್ತು. ಪತ್ನಿ ನನ್ನ ಮುಖ ನೋಡಿ, ಎಡಗೆನ್ನೆಯ ಮೇಲೆ ಕಾಸಿನಗಲ ಬಿಳಿ ಮಚ್ಚೆಯಿದೆ ಎಂದಳು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಮರಗಳ ಮರೆಗೆ ಇಳಿದು ಅಂಗೈ ಒತ್ತಿಕೊಂಡ ಹತ್ತು ನಿಮಿಷಕ್ಕೆ ಕೆನ್ನೆ ಚುರುಗುಟ್ಟುತ್ತಾ ಕೆಂಪಾಯಿತು. ಅಲ್ಲಿಯೇ ನಿಂತು ಸಾರು ಕುಡಿದೆವು. ನಾಲ್ಕು ಗಂಟೆಗೆ ಕಾರಿನ ಬಳಿ ಇದ್ದೆವು, ಇನ್ನೂ ಬೆಳಕಿತ್ತು.

ಮಾರ್ಚ್ ಎರಡನೆಯ ವಾರದಲ್ಲಿ ಮತ್ತೆ ಹೋಗುವ ಯೋಚನೆಯಿದೆ. ಅಷ್ಟು ಹೊತ್ತಿಗೆ ಮಧ್ಯಾಹ್ನದ ಹಿಮ ಸಡಿಲವಾಗುವುದರಿಂದ ಬೆಳಿಗ್ಗೆ ಆರು ಗಂಟೆಗೇ ಏರಲು ತೊಡಗಬೇಕೆಂದುಕೊಂಡಿದ್ದೇವೆ, ಅದಕ್ಕಾಗಿ ಹಿಂದಿನ ರಾತ್ರಿ ಹತ್ತಿರದಲ್ಲಿಯೇ ತಂಗುತ್ತೇವೆ. ಆ ವಾರ ಬಾಸ್ಟನ್ ಕಡೆಯಿಂದ ಯಾರಾದರೂ ಬರುವವರಿದ್ದರೆ ತಿಳಿಸಿ, ಕಾರಿನಲ್ಲಿ ಇಬ್ಬರಿಗೆ ಮತ್ತು ಅವರ ಸ್ನೋಶೂಗಳಿಗೆ ಜಾಗವಿದೆ.